ಗ್ರೀನ್‌ಲ್ಯಾಂಡಿನ ನೀರು, ಮಾರ್ಷಲ್ ದ್ವೀಪದ ಮನೆ

ದಕ್ಷಿಣ ಗ್ರೀನ್‌ಲ್ಯಾಂಡಿನ ಹಿಮದ ಮೇಲೆ ಇಬ್ಬರು ಕವಿಗಳು ಎದುರುಬದುರು ನಿಂತಿದ್ದಾರೆ. ಇಬ್ಬರೂ ಹೆಂಗಸರು. ಒಬ್ಬರು ಪೆಸಿಫಿಕ್ ಸಾಗರದ ಮಾರ್ಷಲ್ ದ್ವೀಪಗಳಿಂದ ಬಂದ ಕ್ಯಾಥಿ ಜೆಟ್ನಿಲ್-ಕಿಜಿನರ್. ಇನ್ನೊಬ್ಬರು ಗ್ರೀನ್‌ಲ್ಯಾಂಡಿನ ಮೂಲನಿವಾಸಿಗಳಾದ ಇನ್ಯುಯಿಟ್ ಜನರ ಕವಿ ಅಕಾ ನಿವಿಯಾನಾ. ಕ್ಯಾಥಿ ತಮ್ಮ ನಾಡಿನ ಕಡಲ ಚಿಪ್ಪುಗಳನ್ನು ತಂದಿದ್ದಾರೆ. ಅಕಾ ಕೈಯಲ್ಲಿ ಗ್ರೀನ್‌ಲ್ಯಾಂಡಿನ ರಾಜಧಾನಿ ನೂಕ್‌ನ ದಡದಲ್ಲಿ ಆಯ್ದ ಕಲ್ಲುಗಳಿವೆ. ಇವರು ಅವರಿಗೆ, ಅವರು ಇವರಿಗೆ ಕೊಡುತ್ತಾರೆ. ಕವಿತೆ ನಡೆಯುತ್ತಾ ಹೋಗುತ್ತದೆ.

2018ರಲ್ಲಿ ಬಂದ ಈ ಚಿತ್ರದ ಹೆಸರು ‘ರೈಸ್: ಫ್ರಮ್ ಒನ್ ಐಲ್ಯಾಂಡ್ ಟು ಅನದರ್’. ಆರು ನಿಮಿಷದ ಆಸುಪಾಸಿನದು. ಇದರಲ್ಲಿ ಸಂದರ್ಶನವಿಲ್ಲ, ಗ್ರಾಫ್ ಇಲ್ಲ, ಹಿನ್ನೆಲೆಯಲ್ಲಿ ಗಂಭೀರ ಗಂಡು ದನಿಯ ವಿವರಣೆಯೂ ಇಲ್ಲ. ಇಬ್ಬರು ಸೇರಿ ಬರೆದ ಒಂದು ಕವಿತೆ, ಅದನ್ನು ಹೇಳುವ ಎರಡು ಮುಖ, ಹಿಂದೆ ಹಿಮ ಮತ್ತು ಕಡಲು. ಅಷ್ಟೇ.

ಹವಾಮಾನ ಬದಲಾವಣೆ ಬಗ್ಗೆ ಬರುವ ಚಿತ್ರಗಳಲ್ಲಿ ದ್ವೀಪದ ಜನಕ್ಕೆ ಸಾಮಾನ್ಯವಾಗಿ ಒಂದೇ ಪಾತ್ರ. ಅವರು ಮುಳುಗುವವರು. ಮೊಣಕಾಲುದ್ದ ನೀರಲ್ಲಿ ನಿಂತು ಕ್ಯಾಮೆರಾ ನೋಡಬೇಕು. ಆರ್ಕ್‌ಟಿಕ್ ಜನಕ್ಕೆ ಆ ಭಾಗ್ಯವೂ ಕಡಿಮೆ. ಅಲ್ಲಿಗೆ ಒಂದು ಬಡಕಲು ಹಿಮಕರಡಿ ಸಾಕಾಗುತ್ತದೆ. ಈ ಚಿತ್ರದಲ್ಲಿ ಇಬ್ಬರೂ ಮೊದಲು ಮಾತಾಡುವುದು ನಮ್ಮ ಜೊತೆ ಅಲ್ಲ, ಪರಸ್ಪರ. ನಾವು ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುವವರು. ನಮ್ಮ ಕಡೆ ತಿರುಗುವುದು ಆಮೇಲೆ, ಕರುಣೆ ಕೇಳುವುದಕ್ಕಂತೂ ಅಲ್ಲ.

ಸುಮ್ನೆ ಯೋಚಿಸಿ ನೋಡಿ. ಒಬ್ಬರ ನಾಡು ಕರಗಿದರೆ ಇನ್ನೊಬ್ಬರ ನಾಡು ಮುಳುಗುತ್ತದೆ. ಇಬ್ಬರು ಜಗಳ ಆಡಲು ಇದಕ್ಕಿಂತ ದೊಡ್ಡ ಕಾರಣ ಬೇಕಾ? ಹೊಳೆಯ ಮೇಲಿನವರು, ಕೆಳಗಿನವರು ಎಂದು ವರ್ಷಗಟ್ಟಲೆ ಕೋರ್ಟಿಗೆ ಅಲೆದ ನಮಗೆ ಇದು ಚೆನ್ನಾಗಿ ಗೊತ್ತು. ಆದರೆ ಈ ಇಬ್ಬರು ಒಬ್ಬರನ್ನೊಬ್ಬರು ಸೋದರಿ ಎಂದು ಕರೆಯುತ್ತಾರೆ. ನನಗೆ ಕಂಡ ಹಾಗೆ ಇದು ಬರೀ ಒಳ್ಳೆತನವಲ್ಲ, ಒಂದು ವಾದ. ನೀರು ಹರಿಯುವ ದಾರಿ ಬೇರೆ, ಹೊಣೆ ಹರಿಯುವ ದಾರಿ ಬೇರೆ ಎಂಬ ವಾದ. ಅದು ಎಷ್ಟು ಗಟ್ಟಿ ಎಂದು ನೋಡಬೇಕಾದರೆ ಮೊದಲು ನೀರಿನ ಲೆಕ್ಕ ತಿಳಿಯಬೇಕು.

ಅಲ್ಲಿ ಕರಗಿದ್ದು ಇಲ್ಲಿ ಏರುವುದು ಹೇಗೆ?

ಗ್ರೀನ್‌ಲ್ಯಾಂಡಿನ ಹಿಮದ ಹಾಸು ಸುಮಾರು 17 ಲಕ್ಷ ಚದರ ಕಿಲೋಮೀಟರ್. ಹೆಚ್ಚುಕಡಿಮೆ ಒಂಬತ್ತು ಕರ್ನಾಟಕ ಸೇರಿಸಿದಷ್ಟು. ಕೆಲವು ಕಡೆ ಅದರ ದಪ್ಪವೇ ಮೂರು ಕಿಲೋಮೀಟರ್. ಅದು ಪೂರ್ತಿ ಕರಗಿದರೆ ಜಗತ್ತಿನ ಸಮುದ್ರಮಟ್ಟ 7 ಮೀಟರಿಗಿಂತ ಜಾಸ್ತಿ ಏರುತ್ತದೆ. ಹಾಗೆ ಆಗಲು ಶತಮಾನಗಳೇ ಬೇಕು, ಬಹುಶಃ ಸಾವಿರಾರು ವರ್ಷ. ಆದರೆ ಮಾರ್ಷಲ್ ದ್ವೀಪಗಳ ನೆಲದ ಸರಾಸರಿ ಎತ್ತರ ಸುಮಾರು 2 ಮೀಟರ್. ಪೂರ್ತಿ ಕರಗುವವರೆಗೆ ಕಾಯುವ ಪ್ರಶ್ನೆಯೇ ಅಲ್ಲಿಲ್ಲ.

2002ರಿಂದ ಉಪಗ್ರಹಗಳು ಈ ಹಿಮದ ತೂಕವನ್ನೇ ಅಳೆಯುತ್ತಿವೆ. ಸರಾಸರಿ ನೋಡಿದರೆ ಗ್ರೀನ್‌ಲ್ಯಾಂಡ್ ವರ್ಷಕ್ಕೆ ಸುಮಾರು 26ರಿಂದ 27 ಸಾವಿರ ಕೋಟಿ ಟನ್ ಹಿಮ ಕಳೆದುಕೊಳ್ಳುತ್ತಿದೆ. 36 ಸಾವಿರ ಕೋಟಿ ಟನ್ ಕರಗಿದರೆ ಜಗತ್ತಿನ ಕಡಲು 1 ಮಿಲಿಮೀಟರ್ ಏರುತ್ತದೆ. ಅಂದರೆ ಗ್ರೀನ್‌ಲ್ಯಾಂಡಿನ ಪಾಲು ವರ್ಷಕ್ಕೆ ಮುಕ್ಕಾಲು ಮಿಲಿಮೀಟರ್. ಕೇಳಲು ಏನೂ ಅಲ್ಲ ಅನಿಸುತ್ತದೆ. ಆದರೆ 2019ರ ಒಂದೇ ವರ್ಷದಲ್ಲಿ 53 ಸಾವಿರ ಕೋಟಿ ಟನ್ ಹೋಯಿತು. 2021ರ ಆಗಸ್ಟ್ 14ರಂದು ಹಿಮದ ಹಾಸಿನ ನೆತ್ತಿಯ ಮೇಲೆ, 3,200 ಮೀಟರ್ ಎತ್ತರದಲ್ಲಿ, ಮಳೆ ಬಿತ್ತು. ಹಿಮವಲ್ಲ, ಮಳೆ. ಅಲ್ಲಿ ದಾಖಲೆ ಇಡಲು ಶುರುಮಾಡಿದ ಮೇಲೆ ಅದೇ ಮೊದಲು.

ಇನ್ನೊಂದು ವಿಷಯವಿದೆ. ಇದನ್ನು ಕೇಳಿದವರು ಮೊದಲು ನಂಬುವುದಿಲ್ಲ. ಗ್ರೀನ್‌ಲ್ಯಾಂಡ್ ಕರಗಿದರೆ ಗ್ರೀನ್‌ಲ್ಯಾಂಡಿನ ಸುತ್ತ ಸಮುದ್ರ ಇಳಿಯುತ್ತದೆ! ಅಷ್ಟು ದೊಡ್ಡ ಹಿಮದ ರಾಶಿಗೆ ತನ್ನದೇ ಆದ ಗುರುತ್ವಾಕರ್ಷಣೆ ಇರುತ್ತದೆ. ಅದು ಸುತ್ತಲಿನ ಕಡಲನ್ನು ತನ್ನ ಕಡೆಗೆ ಎಳೆದು ಹಿಡಿದಿರುತ್ತದೆ. ರಾಶಿ ಕರಗುತ್ತಾ ಹೋದಂತೆ ಆ ಹಿಡಿತ ಸಡಿಲವಾಗುತ್ತದೆ, ನೀರು ದೂರ ಸರಿಯುತ್ತದೆ. ಜೊತೆಗೆ ಭಾರ ಇಳಿದ ನೆಲ ನಿಧಾನಕ್ಕೆ ಮೇಲೇಳುತ್ತದೆ. ಹಾಗಾಗಿ ಗ್ರೀನ್‌ಲ್ಯಾಂಡಿನಿಂದ ಸುಮಾರು 2,000 ಕಿಲೋಮೀಟರ್ ಒಳಗೆ ಸಮುದ್ರಮಟ್ಟ ಕುಸಿಯುತ್ತದೆ. ಆ ನೀರಿನ ಬಾಬ್ತು ಬೀಳುವುದು ದೂರದ ಊರುಗಳ ಮೇಲೆ. ಭೂಮಧ್ಯರೇಖೆ ಹತ್ತಿರದ ಪೆಸಿಫಿಕ್ ದ್ವೀಪಗಳಲ್ಲಿ ಈ ಕರಗುವಿಕೆಯಿಂದ ಆಗುವ ಏರಿಕೆ ಜಗತ್ತಿನ ಸರಾಸರಿಗಿಂತ ಜಾಸ್ತಿ.

ಕವಿತೆಯಲ್ಲಿ ಈ ಭೌತಶಾಸ್ತ್ರ ಇಲ್ಲ. ಬೇಕಾಗಿಯೂ ಇಲ್ಲ. ಆದರೆ ಇದು ಗೊತ್ತಿದ್ದು ಚಿತ್ರ ನೋಡಿದರೆ ಅಕಾ ನಿಂತಿರುವ ಜಾಗದ ಅರ್ಥ ಬದಲಾಗುತ್ತದೆ. ಅವರ ಕಾಲ ಕೆಳಗಿನ ಹಿಮ ಕರಗಿ ಅವರನ್ನು ಮುಳುಗಿಸುವುದಿಲ್ಲ. ಎದುರು ನಿಂತವರನ್ನು ಮುಳುಗಿಸುತ್ತದೆ.

ಹಾಗಂತ ಅಕಾ ನಾಡಿಗೆ ಕಷ್ಟವಿಲ್ಲ ಎಂದಲ್ಲ. ಉತ್ತರ ಗ್ರೀನ್‌ಲ್ಯಾಂಡಿನಲ್ಲಿ ನಾಯಿಗಾಡಿ ಕಟ್ಟಿಕೊಂಡು ಕಡಲ ಹಿಮದ ಮೇಲೆ ಬೇಟೆಗೆ ಹೋಗುವವರಿಗೆ ಹಿಮ ಗಟ್ಟಿಯಾಗಿರುವ ತಿಂಗಳುಗಳು ಕಡಿಮೆಯಾಗಿವೆ. 2023ರ ಸೆಪ್ಟೆಂಬರಿನಲ್ಲಿ ಪೂರ್ವದ ಡಿಕ್ಸನ್ ಫ್ಯೋರ್ಡ್ ಎಂಬಲ್ಲಿ, ಬುಡದಲ್ಲಿದ್ದ ಹಿಮನದಿ ತೆಳುವಾಗಿ ಆಸರೆ ತಪ್ಪಿದ ಬೆಟ್ಟವೊಂದು ಕುಸಿದು ನೀರಿಗೆ ಬಿತ್ತು. ಎದ್ದ ಅಲೆ ಆ ಕಿರಿದಾದ ಕೊಲ್ಲಿಯಲ್ಲೇ ಹಿಂದಕ್ಕೂ ಮುಂದಕ್ಕೂ ತೂಗಾಡಿತು. ಅದರ ಕಂಪನ ಒಂಬತ್ತು ದಿನ ಜಗತ್ತಿನಾದ್ಯಂತ ಭೂಕಂಪ ಮಾಪಕಗಳಲ್ಲಿ ದಾಖಲಾಯಿತು. ಏನಿದು ಎಂದು ವಿಜ್ಞಾನಿಗಳು ತಲೆ ಕೆರೆದುಕೊಂಡರು. ಅದೃಷ್ಟಕ್ಕೆ ಹತ್ತಿರದಲ್ಲಿ ಯಾರೂ ಇರಲಿಲ್ಲ.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡಬೇಕು. ಚಿತ್ರ ನೋಡಿ ‘ಗ್ರೀನ್‌ಲ್ಯಾಂಡ್ ಕರಗುತ್ತಿದೆ, ಅದಕ್ಕೇ ಮಾರ್ಷಲ್ ಮುಳುಗುತ್ತಿದೆ’ ಎಂದುಕೊಂಡರೆ ಅರ್ಧ ಸತ್ಯವಾಗುತ್ತದೆ. ಬಿಸಿಯಾದ ಸಮುದ್ರದ ನೀರು ಹಿಗ್ಗುತ್ತದೆ. ಏರಿಕೆಯಲ್ಲಿ ಅದಕ್ಕೂ ದೊಡ್ಡ ಪಾಲಿದೆ. ಅಂಟಾರ್ಕ್‌ಟಿಕಾ ಇದೆ, ಹಿಮಾಲಯ ಮತ್ತು ಆಂಡಿಸ್‌ನ ಹಿಮನದಿಗಳಿವೆ. ಗಾಳಿಯ ದಿಕ್ಕು ಮತ್ತು ಜೋರು ಬದಲಾದಾಗ ಪಶ್ಚಿಮ ಪೆಸಿಫಿಕ್‌ನಲ್ಲಿ ನೀರು ರಾಶಿ ಬೀಳುವುದೂ ಉಂಟು. ನಮ್ಮ ಉಳ್ಳಾಲ, ಸೋಮೇಶ್ವರ, ಉಚ್ಚಿಲದ ಕಡಲ್ಕೊರೆತಕ್ಕೂ ಹೀಗೇ ಒಂದೇ ಕಾರಣ ಹೇಳಲು ಆಗುವುದಿಲ್ಲ. ಏರುವ ಅರಬ್ಬಿ ಸಮುದ್ರದ ಪಾಲೂ ಇದೆ, ಅಳಿವೆಬಾಗಿಲಲ್ಲಿ ಕಟ್ಟಿದ ತಡೆಗೋಡೆಗಳು ಮರಳಿನ ಓಡಾಟ ತಡೆದ ಪಾಲೂ ಇದೆ. ಹವಾಮಾನ ಬದಲಾವಣೆ ಎಂದುಬಿಟ್ಟರೆ ಹತ್ತಿರದ ತಪ್ಪುಗಳು ಸಲೀಸಾಗಿ ಮುಚ್ಚಿಹೋಗುತ್ತವೆ.

ಮುಳುಗುವ ಮೊದಲು ಬಾಯಾರಿಕೆ

ಮಾರ್ಷಲ್ ದ್ವೀಪಗಳೆಂದರೆ 29 ಹವಳದ ಉಂಗುರಗಳು, ಜೊತೆಗೆ 5 ಬಿಡಿ ದ್ವೀಪಗಳು. ನೆಲವನ್ನೆಲ್ಲ ಕೂಡಿಸಿದರೆ 181 ಚದರ ಕಿಲೋಮೀಟರ್, ಬೆಂಗಳೂರು ನಗರದ ಕಾಲು ಭಾಗದಷ್ಟು. 2021ರ ಜನಗಣತಿಯಲ್ಲಿ ಅಲ್ಲಿದ್ದವರು ಸುಮಾರು 42 ಸಾವಿರ. ನದಿ ಇಲ್ಲ, ಹೊಳೆ ಇಲ್ಲ. ಸಿಹಿನೀರು ಬೇಕಾದರೆ ಎರಡೇ ದಾರಿ: ಆಕಾಶ ಮತ್ತು ಬಾವಿ.

ರಾಜಧಾನಿ ಮಾಜುರೊದ ನೀರಿನ ಸರಬರಾಜಿಗೆ ಮುಖ್ಯ ಆಧಾರ ಯಾವುದು ಗೊತ್ತಾ? ವಿಮಾನ ನಿಲ್ದಾಣದ ರನ್‌ವೇ. ಅದರ ಮೇಲೆ ಬಿದ್ದ ಮಳೆನೀರನ್ನು ಕಾಲುವೆಗೆ ಹರಿಸಿ ಪಕ್ಕದ ಕೆರೆಗಳಲ್ಲಿ ತುಂಬಿಸಿ, ಸೋಸಿ, ಊರಿಗೆ ಬಿಡುತ್ತಾರೆ. ಅಷ್ಟು ಅಗಲದ ಗಟ್ಟಿ ನೆಲ ಅಲ್ಲಿ ಬೇರೆ ಎಲ್ಲೂ ಇಲ್ಲ. ಉಳಿದಂತೆ ಮನೆಮನೆಯ ತಗಡಿನ ಮಾಡು, ಅದರ ಕೆಳಗೊಂದು ಟ್ಯಾಂಕ್.

ಬಾವಿಯ ಕಥೆ ಇನ್ನೂ ನಾಜೂಕು. ಹವಳದ ನೆಲದಡಿ ಮಳೆನೀರು ಇಂಗಿ ಉಪ್ಪುನೀರಿನ ಮೇಲೆ ತೆಳ್ಳಗೆ ತೇಲುತ್ತಿರುತ್ತದೆ. ಉಪ್ಪುನೀರಿಗಿಂತ ಸಿಹಿನೀರು ಹಗುರ, ಅದಕ್ಕೇ ತೇಲುತ್ತದೆ. ದೊಡ್ಡ ಉಬ್ಬರದ ದಿನ ಅಲೆ ದ್ವೀಪದ ಮೇಲೆ ಹತ್ತಿ ಹೋದರೆ ಆ ತೆಳು ಪದರಕ್ಕೆ ಉಪ್ಪು ಇಳಿಯುತ್ತದೆ. ಅದು ಮತ್ತೆ ಸಿಹಿಯಾಗಲು ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಬೇಕು. ಅಷ್ಟರೊಳಗೆ ಇನ್ನೊಂದು ಅಲೆ ಬಂದರೆ? 2013ರಲ್ಲಿ ಉತ್ತರದ ದ್ವೀಪಗಳಲ್ಲಿ ಮಳೆ ಕೈಕೊಟ್ಟು ಸರ್ಕಾರ ವಿಪತ್ತು ಘೋಷಿಸಿತು. ಮರುವರ್ಷ ಮಾರ್ಚ್‌ನಲ್ಲಿ ದೊಡ್ಡ ಉಬ್ಬರ ಮಾಜುರೊದ ಮನೆಗಳಿಗೆ ನುಗ್ಗಿತು. 2016ರಲ್ಲಿ ಮತ್ತೆ ಬರ, ಮತ್ತೆ ತುರ್ತು ಪರಿಸ್ಥಿತಿ. ಸುತ್ತ ಕಣ್ಣು ಹಾಯಿಸಿದಷ್ಟೂ ನೀರು, ಕೊಡದಲ್ಲಿ ಮಾತ್ರ ಇಲ್ಲ.

ಚಿತ್ರ ಬಂದ 2018ರಲ್ಲೇ ಒಂದು ಅಧ್ಯಯನವೂ ಬಂತು. ಇದೇ ದೇಶದ ಕ್ವಾಜಲೀನ್ ಉಂಗುರದ ರೋಯ್-ನಮೂರ್ ದ್ವೀಪದಲ್ಲಿ ಅಮೆರಿಕದ ಭೂವಿಜ್ಞಾನ ಇಲಾಖೆಯವರು ಮಾಡಿದ್ದು. ಇಂಥ ಹಲವು ಹವಳದ್ವೀಪಗಳು ನೀರಿನಡಿ ಹೋಗುವುದಕ್ಕಿಂತ ಎಷ್ಟೋ ಮೊದಲೇ, ಈ ಶತಮಾನದ ಮಧ್ಯದ ಹೊತ್ತಿಗೇ, ಕುಡಿಯುವ ನೀರು ಹಾಳಾಗಿ ವಾಸಕ್ಕೆ ಯೋಗ್ಯವಲ್ಲದಂತಾಗಬಹುದು ಎಂದು ಅದು ಹೇಳಿತು. ಹಣ ಕೊಟ್ಟದ್ದು ಅಮೆರಿಕದ ರಕ್ಷಣಾ ಇಲಾಖೆ. ಯಾಕೆಂದರೆ ಅವರ ಕ್ಷಿಪಣಿ ಪರೀಕ್ಷಾ ಕೇಂದ್ರ ಇರುವುದು ಅಲ್ಲೇ.

ಮಾರ್ಷಲ್‌ನಲ್ಲಿ ನೆಲದ ಹಕ್ಕು ತಾಯಿಯ ಕಡೆಯಿಂದ ಬರುತ್ತದೆ, ತುಳುನಾಡಿನ ಅಳಿಯಸಂತಾನದ ಹಾಗೆ. ಹಾಗಾಗಿ ಒಬ್ಬ ಮಾರ್ಷಲ್ ಹೆಣ್ಣುಮಗಳು ನೆಲ ಹೋಗುತ್ತಿದೆ ಎಂದು ಹೇಳಿದರೆ ಅದು ತನ್ನ ಹೆಸರಲ್ಲೇ ಬರುವ ಆಸ್ತಿಯ ಮಾತು. ಕ್ಯಾಥಿಗೆ ಈ ಮಾತು ಸಾರ್ವಜನಿಕವಾಗಿ ಆಡುವ ಅಭ್ಯಾಸವೂ ಮೊದಲಿಂದ ಇತ್ತು. 2014ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕ್‌ನ ವಿಶ್ವಸಂಸ್ಥೆ ಹವಾಮಾನ ಶೃಂಗಸಭೆಯಲ್ಲಿ ತಮ್ಮ ಪುಟ್ಟ ಮಗಳಿಗೆ ಬರೆದ ಕವಿತೆ ಓದಿದಾಗ ದೇಶಗಳ ಮುಖ್ಯಸ್ಥರು ಎದ್ದು ನಿಂತು ಚಪ್ಪಾಳೆ ತಟ್ಟಿದ್ದರು. ಅವರ ತಾಯಿ ಹಿಲ್ಡಾ ಹೈನಿ 2016ರಲ್ಲಿ ಆ ದೇಶದ ಮೊದಲ ಮಹಿಳಾ ಅಧ್ಯಕ್ಷರಾದರು, 2024ರಲ್ಲಿ ಮತ್ತೊಮ್ಮೆ ಗೆದ್ದು ಬಂದರು. ಇದನ್ನು ಯಾಕೆ ಹೇಳುತ್ತೇನೆಂದರೆ, ‘ದನಿ ಇಲ್ಲದವರಿಗೆ ದನಿ’ ಎಂಬ ಸವಕಲು ಮಾತು ಇಲ್ಲಿ ನಡೆಯುವುದಿಲ್ಲ. ಇವರಿಗೆ ದನಿ ಇದೆ, ವೇದಿಕೆಯೂ ಸಿಕ್ಕಿದೆ. ಚಪ್ಪಾಳೆ ಆದ ಮೇಲೆ ಏನಾಗುತ್ತದೆ ಎನ್ನುವುದು ಬೇರೆ ಪ್ರಶ್ನೆ.

ಚಿಪ್ಪುಗಳು ಬಂದದ್ದು ಎಲ್ಲಿಂದ?

ಕ್ಯಾಥಿ ತಂದ ಚಿಪ್ಪುಗಳು ಯಾವುದೋ ಚೆಂದದ ಬೀಚಿನವಲ್ಲ. ಬಿಕಿನಿ ಮತ್ತು ರುನಿಟ್ ದಡಗಳಿಂದ ಆರಿಸಿದವು ಎಂದು ಕವಿತೆಯಲ್ಲೇ ಬರುತ್ತದೆ. ಈ ಎರಡು ಹೆಸರು ಗೊತ್ತಿಲ್ಲದವರಿಗೆ ಇದು ನೀರಿನ ಬಗ್ಗೆ, ಹವಾಮಾನದ ಬಗ್ಗೆ ಒಂದು ಚಿತ್ರ. ಗೊತ್ತಿದ್ದವರಿಗೆ ಚಿತ್ರದ ತೂಕವೇ ಬೇರೆ.

1946ರಲ್ಲಿ ಅಮೆರಿಕ ಬಿಕಿನಿಯ 167 ಜನರನ್ನು ‘ಸ್ವಲ್ಪ ದಿನದ ಮಟ್ಟಿಗೆ’ ಎಂದು ಬೇರೆ ದ್ವೀಪಕ್ಕೆ ಸಾಗಿಸಿತು. ಅಲ್ಲಿಂದ 1958ರವರೆಗೆ ಬಿಕಿನಿ, ಎನಿವೆಟಾಕ್ ಎಂಬ ಹವಳದ ಉಂಗುರಗಳ ಸುತ್ತಮುತ್ತ 67 ಅಣುಬಾಂಬ್ ಪರೀಕ್ಷೆ ನಡೆಸಿತು. 1954ರ ಮಾರ್ಚ್ 1ರಂದು ಸಿಡಿಸಿದ ಒಂದು ಬಾಂಬ್ ಹಿರೋಶಿಮಾದ ಬಾಂಬಿಗಿಂತ ಸುಮಾರು ಸಾವಿರ ಪಟ್ಟು ದೊಡ್ಡದು. ಅದರ ಬೂದಿ ರೊಂಗೆಲಾಪ್ ದ್ವೀಪದ ಮೇಲೆ ಮಂಜಿನಂತೆ ಉದುರಿತು. ಜನರನ್ನು ಅಲ್ಲಿಂದ ಸಾಗಿಸಿದ್ದು ಎರಡು ದಿನದ ನಂತರ. ಮೂರು ವರ್ಷದ ಮೇಲೆ ‘ಇನ್ನು ಪರವಾಗಿಲ್ಲ’ ಎಂದು ವಾಪಸ್ ಕರೆತಂದರು. ಕಾಯಿಲೆ, ಗರ್ಭಪಾತ ನೋಡಿ ನೋಡಿ ಸಾಕಾದ ಜನ 1985ರಲ್ಲಿ ಊರನ್ನೇ ಬಿಟ್ಟು ಹೊರಟರು.

ಎನಿವೆಟಾಕ್‌ನ ರುನಿಟ್ ದ್ವೀಪದಲ್ಲಿರುವುದು ಒಂದು ಗುಮ್ಮಟ. ಬಾಂಬ್ ಸಿಡಿದು ಬಿದ್ದ ಗುಂಡಿಯೊಳಗೆ, 1970ರ ದಶಕದ ಕೊನೆಯಲ್ಲಿ, ಪ್ಲುಟೋನಿಯಂ ಸೇರಿದ ಮಣ್ಣು ಮತ್ತು ಕಸವನ್ನು ತುಂಬಿ ಮೇಲೆ ಸುಮಾರು 45 ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ಮುಚ್ಚಿದರು. ತಳಕ್ಕೆ ಏನೂ ಹಾಕಿಲ್ಲ. ಹವಳದ ಕಲ್ಲು ಜರಡಿಯ ಹಾಗೆ, ಉಬ್ಬರ ಇಳಿತದ ಜೊತೆ ಒಳಗಿನ ನೀರೂ ಏರುತ್ತದೆ, ಇಳಿಯುತ್ತದೆ. ಈಗ ಕಡಲೇ ಏರುತ್ತಿದೆ.

ಗ್ರೀನ್‌ಲ್ಯಾಂಡಿನ ಕಥೆಯೂ ಹೆಚ್ಚುಕಡಿಮೆ ಇದೇ, ಊರಿನ ಹೆಸರು ಮಾತ್ರ ಬೇರೆ. 1953ರಲ್ಲಿ ತುಲೆಯ ಅಮೆರಿಕನ್ ವಾಯುನೆಲೆಗೆ ಜಾಗ ಮಾಡಿಕೊಡಲು ಅಲ್ಲಿನ ಇನ್ಯುಯಿಟ್ ಕುಟುಂಬಗಳನ್ನು, ಗ್ರೀನ್‌ಲ್ಯಾಂಡನ್ನು ಆಳುತ್ತಿದ್ದ ಡೆನ್ಮಾರ್ಕ್ ಕೆಲವೇ ದಿನಗಳಲ್ಲಿ ಎಬ್ಬಿಸಿ ಉತ್ತರಕ್ಕೆ ಕಳಿಸಿತು. 1968ರ ಜನವರಿಯಲ್ಲಿ ನಾಲ್ಕು ಹೈಡ್ರೋಜನ್ ಬಾಂಬ್ ಹೊತ್ತ ವಿಮಾನವೊಂದು ಆ ನೆಲೆಯ ಹತ್ತಿರ ಕಡಲ ಹಿಮದ ಮೇಲೆ ಬಿದ್ದು ಪ್ಲುಟೋನಿಯಂ ಚೆಲ್ಲಿತು. ಹಿಮದೊಳಗೇ ಸುರಂಗ ಕೊರೆದು ಕಟ್ಟಿದ್ದ ಕ್ಯಾಂಪ್ ಸೆಂಚುರಿ ಎಂಬ ಇನ್ನೊಂದು ನೆಲೆಯನ್ನು 1967ರಲ್ಲಿ ಬಿಟ್ಟು ಹೋದರು. ಡೀಸೆಲ್, ವಿಷಕಾರಿ ರಾಸಾಯನಿಕ, ಕಡಿಮೆ ಮಟ್ಟದ ವಿಕಿರಣ ತ್ಯಾಜ್ಯ ಎಲ್ಲ ಅಲ್ಲೇ ಉಳಿಯಿತು. ಹಿಮ ಎಂದೆಂದಿಗೂ ಮುಚ್ಚಿಟ್ಟಿರುತ್ತದೆ ಎಂಬ ಧೈರ್ಯ. ಈ ಶತಮಾನದ ಕೊನೆಯಿಂದ ಅದು ಹೊರಬೀಳುವ ದಾರಿ ಹಿಡಿಯಬಹುದು ಎಂದು 2016ರ ಅಧ್ಯಯನವೊಂದು ಎಚ್ಚರಿಸಿತು. ಆಮೇಲಿನ ಅಳತೆಗಳು ಅಷ್ಟು ಬೇಗ ಆಗಲಿಕ್ಕಿಲ್ಲ ಎಂದಿವೆ. ಬೇಗವೋ ತಡವೋ, ಕಸ ಇಟ್ಟವರು ಹೋಗಿದ್ದಾರೆ, ಕಸ ಇದೆ.

ಕವಿತೆಯ ಬೆನ್ನೆಲುಬು ಇಲ್ಲಿದೆ. ಇಬ್ಬರನ್ನೂ ಸೋದರಿಯರನ್ನಾಗಿ ಮಾಡಿದ್ದು ಬರೀ ನೀರಲ್ಲ. ಇಬ್ಬರ ನಾಡನ್ನೂ ‘ದೂರದ, ಖಾಲಿ ಜಾಗ’ ಎಂದು ನೋಡಿದ ಒಂದೇ ಕಣ್ಣು. ಅಂದು ಬಾಂಬ್ ಹಾಕಲು ಖಾಲಿ, ಇಂದು ಹೊಗೆಯ ಬೆಲೆ ತೆರಲು ಖಾಲಿ. ಯಾರು ಬದುಕಬೇಕು, ಯಾರು ಸಾಯಬೇಕು ಎಂದು ಅವತ್ತು ತೀರ್ಮಾನಿಸಿದ ಮೃಗಗಳೇ ಇವತ್ತೂ ತೀರ್ಮಾನಿಸುತ್ತಿವೆ ಎಂಬ ಅರ್ಥದ ಮಾತು ಕವಿತೆಯಲ್ಲಿ ಬರುತ್ತದೆ. ಹವಾಮಾನದ ಚರ್ಚೆಯಲ್ಲಿ ‘ಮನುಷ್ಯಕುಲ ಮಾಡಿದ ತಪ್ಪು’ ಎಂದು ಎಲ್ಲರನ್ನೂ ಒಂದೇ ಚಾಪೆ ಮೇಲೆ ಕೂರಿಸುವುದು ರೂಢಿ. ಈ ಚಿತ್ರ ಹಾಗೆ ಮಾಡುವುದಿಲ್ಲ. 2019ರಲ್ಲಿ, ಮತ್ತೆ 2025ರಲ್ಲಿ ಅಮೆರಿಕದ ಅಧ್ಯಕ್ಷರು ಗ್ರೀನ್‌ಲ್ಯಾಂಡ್ ನಮಗೆ ಬೇಕು ಎಂದದ್ದನ್ನು ಕೇಳಿದವರಿಗೆ ಆ ಹಳೆಯ ಕಣ್ಣು ಮುಚ್ಚಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ನಡುವೆ ಎರಡು ಕಥೆ ಬರುತ್ತವೆ. ಮಾರ್ಷಲ್‌ನ ಉಜೇ ದ್ವೀಪದಲ್ಲಿ ಇಬ್ಬರು ಅಕ್ಕತಂಗಿಯರು. ಒಬ್ಬಳು ಮಾಯೆಯಿಂದ ಕಲ್ಲಾದಳು. ಇನ್ನೊಬ್ಬಳು ಅವಳನ್ನು ಬಿಟ್ಟಿರಲಾರದೆ ತಾನೂ ಕಲ್ಲಾಗಿ ಪಕ್ಕದಲ್ಲಿ ನಿಂತಳು. ಗ್ರೀನ್‌ಲ್ಯಾಂಡಿನ ಕಥೆ ಕಡಲ ತಳದ ತಾಯಿಯದು. ತಿಮಿಂಗಿಲ, ಹೊಳೆ, ಹಿಮಬಂಡೆ ಎಲ್ಲವೂ ಆಕೆಯ ಮಕ್ಕಳು, ಅವಕ್ಕೆ ಅವಮಾನ ಮಾಡಿದವರಿಗೆ ತಕ್ಕದ್ದು ಸಿಗುತ್ತದೆ. ಜಾನಪದ ಕಥೆಗಳನ್ನು ಇಂಥ ಚಿತ್ರಗಳಲ್ಲಿ ಒಗ್ಗರಣೆಯಂತೆ ಬಳಸುವುದೇ ಹೆಚ್ಚು. ಇಲ್ಲಿ ಹಾಗಾಗಿಲ್ಲ, ಯಾಕೆಂದರೆ ಮರುಕ್ಷಣವೇ ಅಕಾ ತಾಯಿಯ ಶಿಕ್ಷೆಯನ್ನೇ ಪ್ರಶ್ನಿಸುತ್ತಾರೆ: ಕರಗುವ ಹಿಮ ನಮಗೆ ಸಿಗಬೇಕಾದ ಶಿಕ್ಷೆಯಾ? ಕಲ್ಲಾದ ಸೋದರಿಯ ಕಥೆಯೂ ಸುಮ್ನೆ ಬಂದಿಲ್ಲ. ಕಡಲಿನಿಂದ ನೆಲ ಕಿತ್ತು ಹೊಸ ದ್ವೀಪ ಕಟ್ಟುವ, ಇರುವ ದ್ವೀಪವನ್ನು ಎತ್ತರಿಸುವ ಯೋಜನೆಗಳ ಬಗ್ಗೆ ಆ ದೇಶ ನಿಜಕ್ಕೂ ಲೆಕ್ಕ ಹಾಕುತ್ತಿದೆ. ಊರು ಬಿಟ್ಟು ಹೋಗಲ್ಲ ಎಂದರೆ ಕಲ್ಲಾಗಿ ನಿಲ್ಲಬೇಕು. ಅಂದರೆ ಹವಳ ಒಡೆದು, ಮರಳು ಅಗೆದು ಊರನ್ನೇ ಬೇರೆ ಮಾಡಬೇಕು. ಉಳಿಯುವುದಕ್ಕೂ ಒಂದು ಬೆಲೆ ಇದೆ ಎನ್ನುವುದನ್ನು ಕವಿತೆ ಮರೆಮಾಚುವುದಿಲ್ಲ.

ಕ್ಯಾಮೆರಾ ಯಾರ ಕೈಯಲ್ಲಿತ್ತು?

ಇಷ್ಟು ಹೊಗಳಿದ ಮೇಲೆ ಕೇಳಲೇಬೇಕಾದ ಪ್ರಶ್ನೆ ಇದು. ಕವಿತೆ ಇಬ್ಬರು ಹೆಂಗಸರದು. ನಿರ್ದೇಶನ ಡ್ಯಾನ್ ಲಿನ್ ಎಂಬ ಗಂಡಸಿನದು. ಹಿಂದೆ ನಿಂತದ್ದು ಅಮೆರಿಕದಲ್ಲಿ ಹುಟ್ಟಿದ 350.ಆರ್ಗ್ ಎಂಬ ಹವಾಮಾನ ಚಳವಳಿ, ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಬಿಲ್ ಮೆಕಿಬೆನ್ ಆ ಪ್ರಯಾಣದಲ್ಲೂ ಇದ್ದರು. ಹಿಮದ ದಾರಿ ತೋರಿಸಿದ್ದು ಜೇಸನ್ ಬಾಕ್ಸ್ ಎಂಬ ಹಿಮ ವಿಜ್ಞಾನಿ. ಕವಿತೆ ಬಹುತೇಕ ಇಂಗ್ಲಿಷಿನಲ್ಲಿದೆ, ಇಬ್ಬರ ತಾಯ್ನುಡಿಯೂ ಅಲ್ಲದ ಭಾಷೆ. ಇನ್ನು ಪೆಸಿಫಿಕ್‌ನಿಂದ ಗ್ರೀನ್‌ಲ್ಯಾಂಡಿಗೆ ವಿಮಾನದಲ್ಲೇ ಹೋಗಬೇಕು, ವಿಮಾನ ಹೊಗೆ ಬಿಡುತ್ತದೆ. ಈ ಕೊನೆಯ ಆಕ್ಷೇಪ ನನಗೆ ಅಷ್ಟು ದೊಡ್ಡದು ಅನಿಸುವುದಿಲ್ಲ. ಲೆಕ್ಕಕ್ಕೇ ಬಾರದಷ್ಟು ಕಡಿಮೆ ಹೊಗೆ ಬಿಡುವ ದೇಶದವರ ಒಂದು ಟಿಕೆಟ್ ಹಿಡಿದು ಜಗ್ಗಾಡುವವರು ಬೇರೆಲ್ಲೋ ನೋಡಬೇಕು. ಆದರೆ ಕ್ಯಾಮೆರಾದ ಪ್ರಶ್ನೆ ನಿಜವಾದದ್ದು.

ಇದಕ್ಕೆ ಇನ್ನೊಂದು ಬಗೆಯ ಉತ್ತರ ನಮ್ಮ ಬೀದರ್ ಗಡಿಯಾಚೆ, ತೆಲಂಗಾಣದ ಜಹೀರಾಬಾದ್ ಸೀಮೆಯಲ್ಲಿದೆ. ಅಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘಗಳ ದಲಿತ ರೈತ ಹೆಂಗಸರು 1990ರ ದಶಕದ ಕೊನೆಯಿಂದಲೇ ವಿಡಿಯೋ ಕ್ಯಾಮೆರಾ ಹಿಡಿದರು. ಹೆಚ್ಚಿನವರಿಗೆ ಓದುಬರಹ ಇರಲಿಲ್ಲ. ಸಂಸ್ಥೆ ಕಟ್ಟಿದವರಲ್ಲಿ ಒಬ್ಬರು, 2023ರಲ್ಲಿ ತೀರಿಕೊಂಡ ಪಿ.ವಿ. ಸತೀಶ್, ಮೈಸೂರಿನವರು, ದೂರದರ್ಶನದಲ್ಲಿ ಕೆಲಸ ಮಾಡಿದ್ದವರು. ಮಳೆ ನಂಬಿದ ಒಣ ಹೊಲ, ಜೋಳ, ನವಣೆ, ಬೀಜ, ಹತ್ತಿಯ ಸಾಲ ಇವೇ ಆ ಹೆಂಗಸರ ಚಿತ್ರಗಳ ವಸ್ತು. ಕ್ಯಾಮೆರಾ ಕೋನಗಳಿಗೆ ಅವರು ತಮ್ಮದೇ ಹೆಸರಿಟ್ಟುಕೊಂಡರು. ಮೇಲಿನಿಂದ ಕೆಳಗೆ ನೋಡಿದರೆ ‘ಪಟೇಲ್ ಶಾಟ್’, ಜಮೀನ್ದಾರ ಆಳನ್ನು ನೋಡುವ ಹಾಗೆ. ಕೆಳಗಿನಿಂದ ಮೇಲೆ ನೋಡಿದರೆ ಜೀತದಾಳಿನ ಶಾಟ್. ಕಣ್ಣಿಗೆ ಕಣ್ಣು ಸರಿಸಮ ಇದ್ದರೆ ‘ಸಂಘಂ ಶಾಟ್’, ಸಂಘದಲ್ಲಿ ಎಲ್ಲರೂ ನೆಲದ ಮೇಲೆ ಸುತ್ತಲೂ ಕೂತ ಹಾಗೆ. ಫಿಲ್ಮ್ ಸ್ಕೂಲಿನಲ್ಲಿ ಒಂದು ವರ್ಷ ಹೇಳಿಕೊಟ್ಟರೂ ಇಷ್ಟು ಸ್ಪಷ್ಟವಾಗಿ ತಲೆಗೆ ಹೋಗುತ್ತಿತ್ತೋ ಇಲ್ಲವೋ.

ಆ ಅಳತೆಗೋಲು ಹಿಡಿದು ‘ರೈಸ್’ ನೋಡಿದರೆ ಫಲಿತಾಂಶ ಬೆರಕೆ. ಇಬ್ಬರ ಮುಖ ತೋರಿಸುವಾಗ ಕ್ಯಾಮೆರಾ ಸಂಘಂ ಶಾಟ್‌ನಲ್ಲಿದೆ. ಇಬ್ಬರೂ ಸಮ, ನಮಗೂ ಸಮ. ಎತ್ತರದಿಂದ ಹಿಮ, ಕಡಲು ತೋರಿಸುವಾಗ ಪಟೇಲ್ ಶಾಟ್ ನುಸುಳುತ್ತದೆ, ದೃಶ್ಯದ ಚೆಲುವು ಮಾತನ್ನು ನುಂಗುತ್ತದೆ. ಹವಾಮಾನದ ಚಿತ್ರಗಳಿಗೆ ಇದೊಂದು ಚಟ. ಕರಗುವ ಹಿಮ ಅಷ್ಟು ಚೆಂದ ಕಾಣಿಸಿದರೆ ಕರಗಲಿ ಬಿಡು ಅನಿಸಿಬಿಡುವ ಅಪಾಯವೂ ಇದೆ, ಅಲ್ವಾ? ಆದರೆ ಜಹೀರಾಬಾದಿನ ಚಿತ್ರಗಳು ಹಳ್ಳಿಯಿಂದ ಹಳ್ಳಿಗೆ ಹೋದವು, ಪಕ್ಕದ ರೈತರಿಗೆ ಬುದ್ಧಿ ಹೇಳಲು ಮಾಡಿದವು. ‘ರೈಸ್’ ಮಾಡಿದ್ದು ದೂರದ ನಗರಗಳಿಗಾಗಿ. ಮಯಾಮಿ, ನ್ಯೂಯಾರ್ಕ್, ಶಾಂಘೈ, ಲಂಡನ್ ನೀರೊಳಗೆ ಉಸಿರಾಡಲು ಒದ್ದಾಡುವುದನ್ನು ನೋಡೋಣ ಬಾ ಎಂದು ಒಬ್ಬ ಸೋದರಿ ಇನ್ನೊಬ್ಬಳನ್ನು ಕರೆಯುವ ಜಾಗ ಕವಿತೆಯಲ್ಲಿದೆ. ಇಡೀ ಚಿತ್ರದಲ್ಲಿ ನನಗೆ ತೀರಾ ಹಿಡಿಸಿದ್ದು ಅದು. ಬೇಡಿಕೊಳ್ಳುವವರು ಹಾಗೆ ಮಾತಾಡುವುದಿಲ್ಲ.

ಕವಿತೆಯಿಂದ ಕೋರ್ಟಿಗೆ

ಒಂದು ಚಿತ್ರದಿಂದ ಏನು ಬದಲಾಯಿತು ಎಂದು ಕೇಳುವುದು ಸುಲಭ, ಉತ್ತರ ಹೇಳುವುದು ಕಷ್ಟ. ಇದನ್ನು ನೋಡಿ ಯಾರೋ ಕಾರ್ಖಾನೆ ಮುಚ್ಚಿದರು ಎಂದೇನೂ ಇಲ್ಲ. ಹೊಣೆ ಹರಿಯುವ ದಾರಿಯನ್ನು ಬೇರೆಯವರು ಬೇರೆ ಕಡೆಗಳಲ್ಲಿ ಹಿಡಿದು ನಡೆದದ್ದು ಮಾತ್ರ ಕಣ್ಣಿಗೆ ಕಾಣುತ್ತದೆ.

ಮಾರ್ಷಲ್ ದ್ವೀಪಗಳಿಗೆ ಕೋರ್ಟು ಹೊಸದಲ್ಲ. 2014ರ ಏಪ್ರಿಲ್‌ನಲ್ಲಿ ಈ ಪುಟ್ಟ ದೇಶ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ಅಣ್ವಸ್ತ್ರ ಇಟ್ಟುಕೊಂಡ ಒಂಬತ್ತೂ ದೇಶಗಳ ಮೇಲೆ ದಾವೆ ಹೂಡಿತು. ಅವುಗಳಲ್ಲಿ ಭಾರತವೂ ಇತ್ತು. ನಮ್ಮಲ್ಲಿ ಈ ಸುದ್ದಿ ಓದಿದವರೇ ಕಡಿಮೆ. ಕೊನೆಗೆ ವಿಚಾರಣೆ ಮುಂದುವರಿದದ್ದು ಭಾರತ, ಪಾಕಿಸ್ತಾನ, ಬ್ರಿಟನ್ ಈ ಮೂರರ ಮೇಲೆ ಮಾತ್ರ. 2016ರ ಅಕ್ಟೋಬರ್ 5ರಂದು, ಎರಡೂ ಕಡೆಯವರ ನಡುವೆ ‘ವಿವಾದ’ ಇದೆ ಎಂಬುದೇ ಸಾಬೀತಾಗಿಲ್ಲ ಎಂಬ ಕಾರಣ ಕೊಟ್ಟು ಕೋರ್ಟು ಅವನ್ನು ತಳ್ಳಿಹಾಕಿತು. ಭಾರತದ ವಿರುದ್ಧದ ದಾವೆ ಬಿದ್ದುಹೋದದ್ದು 9–7 ಮತದಿಂದ. 67 ಬಾಂಬ್ ನೋಡಿದವರಿಗೆ ವಿವಾದ ಕಾಣಿಸಿತ್ತು, ಕೋರ್ಟಿಗೆ ಕಾಣಿಸಲಿಲ್ಲ.

ಹವಾಮಾನದ ವಿಷಯದಲ್ಲಿ ಗಾಳಿ ಸ್ವಲ್ಪ ಬೇರೆ ಕಡೆ ಬೀಸಿತು. 2019ರಲ್ಲಿ ಪೆಸಿಫಿಕ್‌ನ ಕಾನೂನು ವಿದ್ಯಾರ್ಥಿಗಳು ಶುರುಮಾಡಿದ ಅಭಿಯಾನವನ್ನು ವನುವಾಟು ಸರ್ಕಾರ ಕೈಗೆತ್ತಿಕೊಂಡು ವಿಶ್ವಸಂಸ್ಥೆಗೆ ಒಯ್ಯಿತು. 2023ರ ಮಾರ್ಚ್‌ನಲ್ಲಿ ಮಹಾಸಭೆ ಅದೇ ನ್ಯಾಯಾಲಯದ ಅಭಿಪ್ರಾಯ ಕೇಳಿತು. 2025ರ ಜುಲೈ 23ರಂದು ಬಂದ ಅಭಿಪ್ರಾಯ ಸರ್ವಾನುಮತದ್ದು. ಹವಾಮಾನವನ್ನು ಹಾಳಾಗದಂತೆ ಕಾಯುವುದು ದೇಶಗಳ ಕಾನೂನುಬದ್ಧ ಹೊಣೆ, ಅದನ್ನು ಮುರಿದರೆ ಪರಿಹಾರ ಕೊಡಬೇಕಾಗಿ ಬರಬಹುದು ಎಂದಿತು. ನೆಲ ಮುಳುಗಿದ ಮಾತ್ರಕ್ಕೆ ಒಂದು ದೇಶ ದೇಶವಾಗಿ ಇಲ್ಲವಾಗಬೇಕಿಲ್ಲ ಎಂಬ ಅರ್ಥದ ಮಾತನ್ನೂ ಸೇರಿಸಿತು. ಇದು ಸಲಹೆಯ ರೂಪದ ಅಭಿಪ್ರಾಯ, ಜಾರಿ ಮಾಡಿಸುವ ಪೊಲೀಸರಿಲ್ಲ. ಆದರೂ ಮುಂದೆ ಯಾವ ದೇಶದ ಕೋರ್ಟಿನಲ್ಲಿ ಹವಾಮಾನದ ಕೇಸು ನಡೆದರೂ ವಕೀಲರು ಇದನ್ನು ತೆಗೆದು ತೋರಿಸುತ್ತಾರೆ.

ಗ್ರೀನ್‌ಲ್ಯಾಂಡಿನ ಕಡೆ ಚಿತ್ರ ಅಷ್ಟು ಸರಳವಿಲ್ಲ. 2021ರಲ್ಲಿ ಅಲ್ಲಿನ ಸರ್ಕಾರ ಹೊಸ ತೈಲ, ಅನಿಲ ಹುಡುಕಾಟ ನಿಲ್ಲಿಸಿತು. ನಾರ್ಸಾಕ್ ಪಟ್ಟಣದ ಹತ್ತಿರದ ಗಣಿ ಯೋಜನೆ ಅದೇ ವರ್ಷದ ಚುನಾವಣೆಯ ಮುಖ್ಯ ವಿಷಯವಾಗಿ, ಆಮೇಲೆ ಯುರೇನಿಯಂ ಗಣಿಗಾರಿಕೆಗೆ ನಿಷೇಧವೂ ಬಂತು. ಆದರೆ ಡೆನ್ಮಾರ್ಕ್ ಕೊಡುವ ವಾರ್ಷಿಕ ಅನುದಾನದ ಮೇಲೆ ನಿಂತ 56 ಸಾವಿರ ಜನರ ನಾಡಿಗೆ ಸ್ವಂತ ಆದಾಯ ಬೇಕು. ಹಿಮ ಸರಿದ ಜಾಗದಲ್ಲಿ ಖನಿಜ ಕಾಣುತ್ತದೆ. ಸ್ವಾತಂತ್ರ್ಯ ಬೇಕೆನ್ನುವವರಲ್ಲೇ ಕೆಲವರಿಗೆ ಗಣಿ ಬೇಕು, ಕೆಲವರಿಗೆ ಬೇಡ. ಆರು ನಿಮಿಷದ ಕವಿತೆಯಲ್ಲಿ ಇದಕ್ಕೆಲ್ಲ ಜಾಗವಿಲ್ಲ, ನಿಜ. ನೋಡುವವರಿಗೆ ಗೊತ್ತಿರಲಿ.

ಕ್ಯಾಥಿ ಆಮೇಲೆ ತಮ್ಮ ದೇಶದ ಪರಿಸರ ಸಚಿವಾಲಯದ ಹವಾಮಾನ ಪ್ರತಿನಿಧಿಯಾಗಿಯೂ ಕೆಲಸ ಮಾಡಿದರು. 2023ರ ಕೊನೆಗೆ ಮಾರ್ಷಲ್ ದ್ವೀಪಗಳು ತಮ್ಮ ಉಳಿವಿನ ಯೋಜನೆಯನ್ನು ದುಬೈಯಲ್ಲಿ ನಡೆದ ವಿಶ್ವಸಂಸ್ಥೆಯ ಹವಾಮಾನ ಸಮ್ಮೇಳನದ ಮುಂದಿಟ್ಟವು. ಯಾವ ದ್ವೀಪ ಎತ್ತರಿಸಬೇಕು, ಯಾವ ದಡಕ್ಕೆ ಗೋಡೆ ಕಟ್ಟಬೇಕು, ಯಾವಾಗ ಜನರನ್ನು ಎಲ್ಲಿಗೆ ಕಳಿಸಬೇಕು ಎಂದು ದಶಕ ದಶಕದ ಲೆಕ್ಕ ಅದರಲ್ಲಿದೆ. ಅಂದಾಜು ಖರ್ಚು 3,500 ಕೋಟಿ ಡಾಲರ್. ಅದೇ ಸಮ್ಮೇಳನದಲ್ಲಿ ನಷ್ಟ ಪರಿಹಾರ ನಿಧಿಗೆ ಜಗತ್ತಿನ ಶ್ರೀಮಂತ ದೇಶಗಳೆಲ್ಲ ಸೇರಿ ಕೊಡುತ್ತೇವೆಂದು ಹೇಳಿದ್ದು ಸುಮಾರು 70 ಕೋಟಿ ಡಾಲರ್. ಅದೂ ಒಂದು ದೇಶಕ್ಕಲ್ಲ, ನೊಂದ ಎಲ್ಲ ದೇಶಗಳಿಗೂ ಸೇರಿ.